ಟ್ರಯಲ್ ಕೋರ್ಟ್ ಜಡ್ಜ್ ಹತ್ತಿರ ಕೂತು ಕಲಿತರೆ ಮುಂದೆ ಉಪಯೋಗ ಇದೆಯಾ? ತುಮಕೂರು ಕಡೆಯವರು ದಯವಿಟ್ಟು ಹೇಳಿ

ಗುಬ್ಬಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ.

ತುಮಕೂರಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದ್ದೇನೆ. ರಿಸಲ್ಟ್ ಬಂದಿದೆ. ಸನ್ನದು (ವಕೀಲಳಾಗಿ ನೋಂದಣಿ) ಇನ್ನೂ ಮಾಡಿಸಿಲ್ಲ. ಕೊನೇ ವರ್ಷ ಒಬ್ಬ ಸಿವಿಲ್ ಜಡ್ಜ್ ಹತ್ತಿರ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದ್ದೆ. ತೀರ್ಪಾದ ಫೈಲ್ ಕೊಟ್ಟು, "ಇದಕ್ಕೆ ಇಶ್ಯೂ ನೀನೇ ಬರಿ, ಆಮೇಲೆ ನಾನು ಬರೆದದ್ದು ನೋಡು" ಎನ್ನುತ್ತಿದ್ದರು. ಇಶ್ಯೂ ಅಂದರೆ ಆ ಕೇಸಿನಲ್ಲಿ ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು. ಮೂರು ವರ್ಷ ಕಾಲೇಜಿನಲ್ಲಿ ತಲೆಗೆ ಹೋಗದ್ದು ಆ ನಾಲ್ಕು ವಾರದಲ್ಲಿ ಹೋಯಿತು. ಮೊನ್ನೆ ಮತ್ತೆ ಹೋಗಿ ಕೇಳಿದೆ. "ಪ್ರಿನ್ಸಿಪಲ್ ಡಿಸ್ಟ್ರಿಕ್ಟ್ ಜಡ್ಜ್ ಅನುಮತಿ ತಗೊಂಡು ಬಾ, ಆರು ತಿಂಗಳು ಬೇಕಾದರೂ ಕೂತು ಕಲಿ" ಎಂದರು. ಸಂಬಳ ಇಲ್ಲ.

ಮನೆಯಲ್ಲಿ "ಜಡ್ಜ್ ಹತ್ತಿರ ಲಾ ಕ್ಲರ್ಕ್ ಥರ" ಎಂದೆ. ಜಡ್ಜ್‌ಗೆ ಫೈಲ್ ಓದಿ ಟಿಪ್ಪಣಿ ಬರೆದುಕೊಡುವ ಕಾನೂನು ಪದವೀಧರರಿಗೆ ಹಾಗೆ ಎನ್ನುತ್ತಾರೆ. ಅಪ್ಪ ಬೇಜಾರು ಮಾಡಿಕೊಂಡರು. "ಕ್ಲರ್ಕ್ ಆಗೋಕೆ ಇಷ್ಟೆಲ್ಲ ಓದಿಸಿದ್ನಾ?" ಅವರಿಗೆ ಕ್ಲರ್ಕ್ ಅಂದರೆ ಬೆಂಚ್ ಕ್ಲರ್ಕ್, ಇಲ್ಲವೇ ವಕೀಲರ ಗುಮಾಸ್ತ. ಸೋದರಮಾವ ಬೇರೆ ಹೇಳುತ್ತಾರೆ, ಕೋರ್ಟ್‌ನಲ್ಲೇ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಕೆಲಸಕ್ಕೆ ಅರ್ಜಿ ಹಾಕು, ಸರ್ಕಾರಿ ಸಂಬಳ ಅಂತ. ಗೆಳತಿ ಹೈಕೋರ್ಟ್ ಲಾ ಕ್ಲರ್ಕ್‌ಗೆ ಹಾಕೋಣ ಎನ್ನುತ್ತಾಳೆ.

ನನ್ನ ಗುರಿ ಸಿವಿಲ್ ಜಡ್ಜ್ ಪರೀಕ್ಷೆ. ಆರು ತಿಂಗಳು ಹಿಂಗೆ ಕೊಡಬಹುದಾ? ಅನುಭವ ಇರುವವರು ಬಿಡಿಸಿ ಹೇಳಿ.

ಕೋರ್ಟ್ ರಸ್ತೆ ಸೀನಿಯರ್

ನೋಡಮ್ಮ, ಮೊದಲು ಸನ್ನದು ಮಾಡಿಸು. ಮಿಕ್ಕಿದ್ದೆಲ್ಲ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಅಖಿಲ ಭಾರತ ನ್ಯಾಯಾಧೀಶರ ಸಂಘದ ಕೇಸಿನಲ್ಲಿ ತೀರ್ಪು ಕೊಟ್ಟಿತು. ಸಿವಿಲ್ ಜಡ್ಜ್ ಆಗಲು ಕನಿಷ್ಠ 3 ವರ್ಷ ವಕೀಲಿಕೆ ಬೇಕು ಎಂಬ ಹಳೇ ನಿಯಮ ವಾಪಸ್ ಬಂತು. 2002ರಲ್ಲಿ ಅದನ್ನು ತೆಗೆದಿದ್ದರು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ಮೇಲೆ. ಈಗ 3 ವರ್ಷದ ಲೆಕ್ಕ ಶುರುವಾಗುವುದು ತಾತ್ಕಾಲಿಕ ಸನ್ನದು ಸಿಕ್ಕ ದಿನದಿಂದ. ಬಾರ್ ಪರೀಕ್ಷೆ ಪಾಸಾದ ದಿನದಿಂದ ಅಲ್ಲ. ನೀನು ಸನ್ನದು ಇಲ್ಲದೆ ಆರು ತಿಂಗಳು ಕೂತರೆ ಆ ಆರು ತಿಂಗಳು ಲೆಕ್ಕಕ್ಕೆ ಬರಲ್ಲ.

ದುಡ್ಡಿನ ಚಿಂತೆ ಇದ್ದರೆ ಅದೂ ಈಗ ಕಡಿಮೆ. 2024ರ ಜುಲೈ 30ರ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಅದರ ಮೇಲೆ ಕೇಳುವಂತಿಲ್ಲ.

ಇನ್ನು ಜಡ್ಜ್ ಹೆಸರಿನ ವಿಷಯ. "ಇಂಥ ಸಾಹೇಬರ ಹತ್ತಿರ ಇದ್ದೆ" ಅನ್ನುವುದಕ್ಕೆ ನಮ್ಮ ಕಡೆ ಬೆಲೆ ಕಮ್ಮಿ. ಸಾಮಾನ್ಯವಾಗಿ 3 ವರ್ಷಕ್ಕೆ ಅವರಿಗೆ ವರ್ಗಾವಣೆ. ಬೇಸಿಗೆ ರಜೆ ಹೊತ್ತಿಗೆ ಪಟ್ಟಿ ಬರುತ್ತೆ, ಅವರು ಇನ್ನೊಂದು ಜಿಲ್ಲೆಗೆ ಹೋಗುತ್ತಾರೆ. ಉಳಿಯುವುದು ನಿನ್ನ ತಲೆಯಲ್ಲಿ ಏನಿದೆ ಅದು ಮಾತ್ರ.

ತಿಪಟೂರು ಕೊಬ್ಬರಿ

ನಾನು ವಕೀಲನಲ್ಲ, ಕಕ್ಷಿದಾರ. ಅಣ್ಣತಮ್ಮಂದಿರ ತೋಟದ ಪಾಲಿನ ದಾವೆ. ಕೋರ್ಟ್‌ಗೆ ಅಲೆದು ಅಲೆದು ಒಂದು ಮಾತು ತಿಳಿದಿದೆ. ಫೈಲ್ ಪೂರ್ತಿ ಓದಿದ ವಕೀಲರು ಯಾರು, ಓದದವರು ಯಾರು ಎಂದು ಹೊರಗೆ ಬೆಂಚಿನ ಮೇಲೆ ಕೂತ ನಮಗೂ ಗೊತ್ತಾಗುತ್ತೆ. ನಿಮಗೆ ಜಡ್ಜ್ ಫೈಲ್ ಓದಿಸುತ್ತಿದ್ದಾರೆ ಅಂದರೆ ಬಿಡಬೇಡಿ ತಂಗಿ.

ಮಾಲೂರು ಸ್ಟೆನೋ

ಸೀನಿಯರ್ ಸರ್ ಹೇಳಿದ ಲೆಕ್ಕ ಸರಿ. ಆದರೆ ಎರಡು ತಿಂಗಳ ಮಟ್ಟಿಗಾದರೂ ಹೋಗಿ ಕೂರಮ್ಮ ಎಂದೇ ನಾನು ಹೇಳುವುದು.

ಕೋಲಾರ ಜಿಲ್ಲೆಯ ಕೋರ್ಟ್‌ಗಳಲ್ಲಿ 11 ವರ್ಷ ಶೀಘ್ರಲಿಪಿಗಾರನಾಗಿದ್ದೆ. ಈಗ ಕೆಲಸ ಬಿಟ್ಟು ವಕೀಲಿಕೆ ಮಾಡುತ್ತಿದ್ದೇನೆ. ಎಷ್ಟು ಸಾಕ್ಷಿ ಹೇಳಿಕೆ ಟೈಪ್ ಮಾಡಿದ್ದೇನೋ ಎಣಿಸಿಲ್ಲ. ಜಡ್ಜ್ ಪಕ್ಕದಲ್ಲಿ ಕೂತವನಿಗೆ ಏನು ಕಾಣುತ್ತೆ ಎಂದು ಒಂದು ಉದಾಹರಣೆ ಕೊಡುತ್ತೇನೆ.

ಪಾಲಿನ ದಾವೆ. ವಾದಿ ಒಬ್ಬ ಅಜ್ಜಿ. ಪಾಟೀ ಸವಾಲು ನಡೆಯುತ್ತಿದೆ. ಎದುರು ವಕೀಲರು ಕೇಳಿದರು, "ನಿಮ್ಮ ಅಣ್ಣಂದಿರು ನಿಮಗೆ ದುಡ್ಡು ಕೊಟ್ಟಿದ್ದರು, ಅಲ್ವಾ?" ಅಜ್ಜಿ "ಹೂಂ ಸಾಮಿ, ಮದುವೇಗ್ ಕೊಟ್ರು" ಎಂದಳು. ವಕೀಲರು ಬರೆಸಲು ಕೊಟ್ಟ ಸಾಲು ಇದು: "ನನ್ನ ಅಣ್ಣಂದಿರು ನನಗೆ ಹಣ ಕೊಟ್ಟಿದ್ದರು ಎಂದರೆ ಸರಿ." ನಾನು ಟೈಪ್ ಮಾಡಿಬಿಟ್ಟೆ. ಜಡ್ಜ್ ಕೈ ಎತ್ತಿ ನಿಲ್ಲಿಸಿದರು. ಕನ್ನಡಕ ತೆಗೆದು ಅಜ್ಜಿ ಕಡೆ ತಿರುಗಿ, "ಏನಕ್ಕೆ ಕೊಟ್ಟರಮ್ಮ, ಇನ್ನೊಂದು ಸಲ ಹೇಳು" ಎಂದರು. "ಮದುವೆ ಖರ್ಚಿಗೆ ಸಾಮಿ. ಜಮೀನಿಗಲ್ಲ." ಆಗ ಅವರು ಮುಂದಿನ ಸಾಲು ಹೇಳಿದರು: "ಸಾಕ್ಷಿ ಸ್ವತಃ ಮುಂದುವರಿದು, ಆ ಹಣ ಮದುವೆ ಖರ್ಚಿಗೆ ಕೊಟ್ಟದ್ದು, ಪಾಲಿನ ಬಾಬ್ತು ಅಲ್ಲ ಎಂದು ನುಡಿಯುತ್ತಾರೆ."

ಅಷ್ಟೇ. ಒಂದು ಸಾಲು. ಆ ಸಾಲು ಇಲ್ಲದೇ ಹೋಗಿದ್ದರೆ ಅಪೀಲಿನಲ್ಲಿ ಯಾರಿಗೂ ಅಜ್ಜಿಯ ದನಿ ಕೇಳಿಸುತ್ತಿರಲಿಲ್ಲ. ಹಣ ತಗೊಂಡಿದ್ದಾಳೆ ಎಂದಷ್ಟೇ ಕಾಣುತ್ತಿತ್ತು. ಕೊನೆಯಲ್ಲಿ ಓದಿ ಹೇಳಿ, ಕೇಳಿ ಸರಿಯಿದೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಆ ಹಾಳೆ ಹಾಳೆಯೇ. ಸುಪ್ರೀಂ ಕೋರ್ಟ್‌ವರೆಗೆ ಹೋಗುವುದು ಅದೇ.

ಇದು ವಕೀಲರ ಮೇಜಿನ ಕಡೆಯಿಂದ ಕಾಣುವುದಿಲ್ಲ. ಅಲ್ಲಿ ನಿಂತಾಗ ಗಮನವೆಲ್ಲ ಮುಂದಿನ ಪ್ರಶ್ನೆ ಮೇಲೆ. ಈಗ ನಾನು ಪಾಟೀ ಸವಾಲು ಮಾಡುವಾಗ ಪ್ರತಿ ಉತ್ತರಕ್ಕೂ ಕಂಪ್ಯೂಟರ್ ಪರದೆ ನೋಡುತ್ತೇನೆ. ಏನು ದಾಖಲಾಯಿತು ಎಂದು ಓದಿ ಆಮೇಲೆ ಮುಂದಕ್ಕೆ ಹೋಗುತ್ತೇನೆ. ಆ ಅಭ್ಯಾಸ ಬಂದದ್ದು ಸ್ಟೆನೋ ಕುರ್ಚಿಯಿಂದ.

ಎಸ್‌ಡಿಎ ಕೆಲಸದ ಬಗ್ಗೆ: ಮರ್ಯಾದೆಯ ಕೆಲಸ, ಸಂಬಳ ಚೆನ್ನಾಗಿದೆ, ಮನೆ ನಡೆಯುತ್ತೆ. ಆದರೆ ಎಲ್ಲರಿಗೂ ಕೋರ್ಟ್ ಹಾಲ್ ಸಿಗಲ್ಲ. ನಕಲು ವಿಭಾಗಕ್ಕೋ ಸಮನ್ಸ್ ಜಾರಿ ನೋಡುವ ನಜಾರತ್ ಶಾಖೆಗೋ ಹಾಕಿದರೆ ವರ್ಷಗಟ್ಟಲೆ ಸಾಕ್ಷಿ ವಿಚಾರಣೆಯೇ ನೋಡದೆ ಇರಬಹುದು. ಅದನ್ನು ಕೆಲಸ ಎಂದು ಸೇರಿ. ಜಡ್ಜ್ ಆಗುವ ದಾರಿ ಎಂದುಕೊಂಡು ಸೇರಬೇಡಿ.

ಶಿಡ್ಲಘಟ್ಟದವನು

ಹೈಕೋರ್ಟ್‌ನಲ್ಲಿ ಲಾ ಕ್ಲರ್ಕ್ ಕಮ್ ರಿಸರ್ಚ್ ಅಸಿಸ್ಟೆಂಟ್ ಆಗಿದ್ದವನು ನಾನು. ಈಗ ಚಿಕ್ಕಬಳ್ಳಾಪುರದಲ್ಲಿ ಪ್ರಾಕ್ಟೀಸ್.

ಒಳ್ಳೇದು ಮೊದಲು ಹೇಳುತ್ತೇನೆ. ಗೌರವಧನ ಸಿಗುತ್ತೆ. ಓದುವ ವೇಗ ಬರುತ್ತೆ. 400 ಪುಟದ ಅಪೀಲ್ ಫೈಲನ್ನು ಎರಡು ಪುಟದ ಟಿಪ್ಪಣಿ ಮಾಡುವುದು ಕಲಿಯುತ್ತೀರಿ. ಇಂಗ್ಲಿಷ್ ಬರವಣಿಗೆ ಸುಧಾರಿಸುತ್ತೆ. ಎಲ್‌ಎಲ್‌ಎಂಗೆ, ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ಅರ್ಜಿ ಹಾಕುವಾಗ ಆ ಹೆಸರು ಕೆಲಸಕ್ಕೆ ಬರುತ್ತೆ. ಮುಖ್ಯವಾಗಿ, ಸೀನಿಯರ್ ಸರ್ ಹೇಳಿದ ಅದೇ 2025ರ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೇಶದ ಯಾವುದೇ ನ್ಯಾಯಾಧೀಶರ ಅಥವಾ ನ್ಯಾಯಿಕ ಅಧಿಕಾರಿಯ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವನ್ನೂ ಆ 3 ವರ್ಷದ ಲೆಕ್ಕಕ್ಕೆ ಸೇರಿಸಬೇಕು.

ಇಲ್ಲಿ ಹುಷಾರಾಗಿ ಓದಿ. ನ್ಯಾಯಿಕ ಅಧಿಕಾರಿ ಅಂದರೆ ಟ್ರಯಲ್ ಕೋರ್ಟ್ ಜಡ್ಜ್ ಕೂಡ ಸೇರಿದರು. ಆದರೆ ತೀರ್ಪಿನಲ್ಲಿರುವ ಪದ ಲಾ ಕ್ಲರ್ಕ್. ಇಂಟರ್ನ್ ಅಲ್ಲ, ಎಸ್‌ಡಿಎ ಅಲ್ಲ, ಟೈಪಿಸ್ಟ್ ಅಲ್ಲ. ನಮ್ಮ ಜಿಲ್ಲಾ ಕೋರ್ಟ್‌ಗಳಲ್ಲಿ ಹೈಕೋರ್ಟ್ ಥರ ಲಾ ಕ್ಲರ್ಕ್ ನೇಮಕ ರೂಢಿಯಲ್ಲಿ ಇಲ್ಲ. ಜಡ್ಜ್ ಪ್ರೀತಿಯಿಂದ ಕೊಟ್ಟ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ನೇಮಕಾತಿ ಆದೇಶ ಆಗಲ್ಲ. ಅದನ್ನು ನಂಬಿಕೊಂಡು 3 ವರ್ಷ ಎಣಿಸಬೇಡಿ.

ಹೈಕೋರ್ಟ್‌ಗೆ ಹೋದರೆ ಸನ್ನದು ಅಮಾನತಿನಲ್ಲಿ ಇಡಬೇಕು. ಪೂರ್ಣಾವಧಿ ಸಂಬಳದ ಕೆಲಸ ಮಾಡುತ್ತಾ ವಕೀಲಿಕೆ ಮಾಡುವಂತಿಲ್ಲ, ಅದು ಬಾರ್ ಕೌನ್ಸಿಲ್ ನಿಯಮ.

ಈಗ ನನಗೆ ಆದ ತೊಂದರೆ. ಹೈಕೋರ್ಟ್‌ನಲ್ಲಿ ನೂರಾರು ಸಾಕ್ಷಿ ಹೇಳಿಕೆ ಓದಿದ್ದೆ. ಊರಿಗೆ ಬಂದು ಮೊದಲ ಪಾಟೀ ಸವಾಲಿಗೆ ನಿಂತೆ, ಒಂದು ಚೆಕ್ ಬೌನ್ಸ್ ಕೇಸ್. ಎರಡು ಪ್ರಶ್ನೆ ಆದ ಮೇಲೆ ಬಾಯಿ ಒಣಗಿತು. ಸಾಕ್ಷಿ "ಗೊತ್ತಿಲ್ಲ" ಎಂದರೆ ಮುಂದೆ ಏನು ಕೇಳಬೇಕು ಎಂದೇ ತೋಚಲಿಲ್ಲ. ಹೇಳಿಕೆಯನ್ನು ಕಾಗದದ ಮೇಲೆ ಓದುವುದು ಬೇರೆ, ಹುಟ್ಟುವಾಗ ನೋಡುವುದು ಬೇರೆ. ಸ್ಟೆನೋ ಸರ್ ಅಜ್ಜಿಯ ಕತೆ ಹೇಳಿದರಲ್ಲ, ಅದು ಹೈಕೋರ್ಟ್‌ನ ಎಸಿ ಕೋಣೆಯಲ್ಲಿ ಯಾರಿಗೂ ಕಾಣಲ್ಲ.

ಎಡಿಸನ್ ಕನ್ನಡತಿ

ನಾನು ಮೂಲತಃ ತುಮಕೂರಿನವಳೇ. ಈಗ ನ್ಯೂಜೆರ್ಸಿಯಲ್ಲಿದ್ದೇನೆ. ನನ್ನ ನಾದಿನಿಯ ಮಗಳು ಇಲ್ಲಿ ಇದೇ ಕೆಲಸ ಮಾಡಿದಳು, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಸುಪೀರಿಯರ್ ಕೋರ್ಟ್ ಅಂದರೆ ಟ್ರಯಲ್ ಕೋರ್ಟೇ. ಜಡ್ಜ್‌ಗಳಿಗೆ ಲಾ ಕ್ಲರ್ಕ್ ಇರುತ್ತಾರೆ. ಆಗಷ್ಟೇ ಕಾನೂನು ಓದಿ ಮುಗಿಸಿದ ಹುಡುಗರು. ಒಂದು ವರ್ಷದ ಅವಧಿ, ಸಂಬಳ ಇದೆ. ಅರ್ಜಿಗಳನ್ನು ಓದಿ ಜಡ್ಜ್‌ಗೆ ಟಿಪ್ಪಣಿ ಬರೆಯುತ್ತಾರೆ, ಆದೇಶದ ಕರಡು ಮಾಡುತ್ತಾರೆ, ಸಣ್ಣ ಮೊತ್ತದ ಜಗಳಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ.

ಇಲ್ಲೂ ನಿಮ್ಮ ಥರವೇ ಚರ್ಚೆ ಇದೆ. ನ್ಯೂಯಾರ್ಕ್‌ನ ದೊಡ್ಡ ವಕೀಲಿ ಕಂಪನಿಗಳು ಕೇಳುವುದು ಫೆಡರಲ್ (ಕೇಂದ್ರದ) ಕೋರ್ಟ್ ಕ್ಲರ್ಕ್‌ಗಳನ್ನು. ಕೌಂಟಿ, ಅಂದರೆ ನಮ್ಮ ಜಿಲ್ಲೆ ಥರ, ಆ ಮಟ್ಟದ ಟ್ರಯಲ್ ಕೋರ್ಟ್ ಅನುಭವಕ್ಕೆ ಅವರಲ್ಲಿ ಅಷ್ಟು ತೂಕ ಇಲ್ಲ. ಆದರೆ ಅದೇ ಕೌಂಟಿಯಲ್ಲಿ ವಕೀಲಿಕೆ ಮಾಡುವವರಿಗೆ, ಪ್ರಾಸಿಕ್ಯೂಟರ್ ಕಚೇರಿ ಸೇರುವವರಿಗೆ ಅದು ಬಾಗಿಲು ತೆರೆಯುತ್ತೆ. ನಮ್ಮ ಹುಡುಗಿಗೂ ಕೌಂಟಿ ಪ್ರಾಸಿಕ್ಯೂಟರ್ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಎಲ್ಲಿ ಬಾಳಬೇಕು ಅಂತಿದ್ದೀಯೋ ಅಲ್ಲಿನ ಕೋರ್ಟ್‌ನಲ್ಲಿ ಕಲಿ ಎಂದು ಅವಳಿಗೆ ಅವಳ ಪ್ರೊಫೆಸರ್ ಹೇಳಿದ್ದರಂತೆ.

ಚಿಂತಾಮಣಿ ಅಣ್ಣ

ನಾನೊಂದು ಮಾತು ಸೇರಿಸಬೇಕು.

2000ದ ಮಾರ್ಚ್ 11ರಂದು ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟರು. 2006ರಲ್ಲಿ ಕೋಲಾರದ ಕೋರ್ಟ್‌ನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು.

ನಾನು ಕಾನೂನು ಓದಿದ್ದೇ ಆ ಕೇಸಿನ ಸುದ್ದಿ ಕೇಳಿ ಬೆಳೆದದ್ದಕ್ಕೆ. ವಿಚಾರಣೆಯಲ್ಲಿ ಸಾಕ್ಷಿ ಉಳಿಯಲಿಲ್ಲ ಅಂದರೆ ಮೇಲಿನ ಕೋರ್ಟ್‌ಗೆ ಹಿಡಿಯಲು ಏನೂ ಸಿಗಲ್ಲ. ಎಲ್ಲ ಆಗುವುದು ಕೆಳಗೆ. ಒಬ್ಬ ಕೂಲಿಯವನು ಆ ಕಟಕಟೆಯಲ್ಲಿ ನಿಂತು ಯಾರ ಮುಖ ನೋಡಿ ಹೆದರುತ್ತಾನೆ, ಎಲ್ಲಿ ದನಿ ಇಳಿಸುತ್ತಾನೆ, ಇದನ್ನೆಲ್ಲ ಮೇಲಿನಿಂದ, ಜಡ್ಜ್ ಕಡೆಯಿಂದ ನೋಡುವ ಅವಕಾಶ ಸಿಕ್ಕರೆ ತಗೊಳ್ಳಿ. ಕರಿಯರ್ ಅಂತ ಕೇಳಿದಿರಿ. ಇದೂ ಕರಿಯರೇ.

ಗುಬ್ಬಿ ಹುಡುಗಿ

ಎಲ್ಲರಿಗೂ ತುಂಬ ಧನ್ಯವಾದ. ಚಿಂತಾಮಣಿ ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ.

ಆ ನಾಲ್ಕು ವಾರದಲ್ಲಿ ನಾನು ಕಂಡದ್ದನ್ನೂ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಒಂದು ಮಧ್ಯಾಹ್ನ ಒಬ್ಬ ಜೂನಿಯರ್ ವಕೀಲರು ಜಮೀನು ಕ್ರಯದ ಕರಾರು ಪತ್ರವನ್ನು ಸಾಕ್ಷ್ಯವಾಗಿ ಗುರುತು ಮಾಡಿಸಲು ಎದ್ದರು. 100 ರೂಪಾಯಿ ಸ್ಟಾಂಪ್ ಪೇಪರ್. ಬೆಂಚ್ ಕ್ಲರ್ಕ್ ಇನ್ನೇನು ನಿಶಾನೆ ಪಿ.3 (ವಾದಿಯ ಮೂರನೇ ದಾಖಲೆ) ಎಂದು ಸೀಲ್ ಒತ್ತಬೇಕು. ಎದುರು ವಕೀಲರು ತಟ್ಟನೆ ಎದ್ದು ಆಕ್ಷೇಪ ಹೇಳಿದರು. ಜಡ್ಜ್ ಪತ್ರ ತರಿಸಿಕೊಂಡು ಬೆರಳಿಟ್ಟು ಓದಿದರು. ಎರಡನೇ ಪುಟದಲ್ಲಿ "ಈ ದಿವಸವೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ" ಎಂದಿತ್ತು. ಅಲ್ಲಿಗೆ ಮುಗಿಯಿತು. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಸ್ಟಾಂಪ್ ಸುಂಕ ಬೇಕು. ಪತ್ರ ಜಪ್ತಿ ಮಾಡಿದರು. ಕಡಿಮೆ ಬಿದ್ದ ಸುಂಕದ ಜೊತೆಗೆ 10 ಪಟ್ಟು ದಂಡ.

ಆಮೇಲೆ ಚೇಂಬರ್‌ನಲ್ಲಿ ಜಡ್ಜ್ ನನಗೆ ಕೇಳಿದ ಪ್ರಶ್ನೆ ಮರೆಯಲ್ಲ. "ಎದುರು ವಕೀಲರು ಒಂದು ನಿಮಿಷ ತಡ ಮಾಡಿ, ಅದು ಗುರುತಾಗಿ ಒಳಗೆ ಹೋಗಿದ್ದರೆ?" ನಾನು ಸುಮ್ನೆ ನಿಂತೆ. ಕರ್ನಾಟಕ ಸ್ಟಾಂಪ್ ಕಾಯಿದೆಯ 35ನೇ ಕಲಂ ತೆಗೆದು ಮುಂದಿಟ್ಟರು. ಒಮ್ಮೆ ಸಾಕ್ಷ್ಯವಾಗಿ ಒಪ್ಪಿಕೊಂಡ ಮೇಲೆ ಅದೇ ದಾವೆಯಲ್ಲಿ ಸ್ಟಾಂಪ್ ಕಡಿಮೆ ಎಂದು ತಕರಾರು ಎತ್ತುವ ಹಾಗಿಲ್ಲ. ಒಂದು ನಿಮಿಷದ ಮೇಲೆ ಇಡೀ ದಾವೆ ನಿಂತಿತ್ತು.

ಈಗ ಪ್ರಶ್ನೆ: ಸನ್ನದು ಮಾಡಿಸಿ ಆಮೇಲೆ ಜಡ್ಜ್ ಚೇಂಬರ್‌ಗೆ ಹೋಗಬಹುದಾ?

ಕೋರ್ಟ್ ರಸ್ತೆ ಸೀನಿಯರ್

ಬೇಡಮ್ಮ. ಕರಿಕೋಟು ಹಾಕಿದ ಮೇಲೆ ಅದೇ ಕೋರ್ಟ್‌ನ ಜಡ್ಜ್ ಚೇಂಬರ್‌ಗೆ ಹೋಗಿ ಬಂದು ಮಾಡಿದರೆ ನಿನಗೂ ಸರಿಯಲ್ಲ, ಅವರಿಗೂ ಕೆಟ್ಟ ಹೆಸರು. ಕಕ್ಷಿದಾರ ಏನು ಅಂದುಕೊಳ್ಳುತ್ತಾನೆ? ಚೇಂಬರ್‌ನಲ್ಲಿ ಕಂಡ ಫೈಲ್, ಕೇಳಿದ ಮಾತು ಯಾವತ್ತೂ ಹೊರಗೆ ಬರಬಾರದು. ಆ ಕೇಸುಗಳಿಗೆ ಮುಂದೆ ವಕಾಲತ್ತು ಹಾಕಬೇಡ. ಸ್ವಲ್ಪ ಕಾಲ ಅವರ ಕೋರ್ಟ್‌ಗೆ ಹಾಜರಾಗದೆ ಇದ್ದರೆ ಇನ್ನೂ ಒಳ್ಳೇದು.

ನಿನ್ನ ಸ್ಟಾಂಪ್ ಕತೆ ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ನಾನು ಅದನ್ನು ಕಲಿತದ್ದು ಕಕ್ಷಿದಾರನ ದುಡ್ಡು ಕಳೆದು, ಎಂಟನೇ ವರ್ಷದ ವಕೀಲಿಕೆಯಲ್ಲಿ. ಹಾಗಾಗಿ ಹೀಗೆ ಮಾಡು. ಎಂಟು ವಾರ ಹೋಗು, ಸನ್ನದಿಗೆ ಮೊದಲು. ಆರು ತಿಂಗಳು ಬೇಡ. ಅಷ್ಟರೊಳಗೆ ಸನ್ನದಿನ ಕಾಗದಪತ್ರ ರೆಡಿ ಮಾಡಿಕೋ. ಎಂಟು ವಾರ ತಡವಾದರೆ ಆಕಾಶ ಬೀಳಲ್ಲ.

ಆ ಎಂಟು ವಾರದಲ್ಲಿ ಬರೀ ನೋಡುತ್ತಾ ಕೂರಬೇಡ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಏನಿದೆ? ಇಶ್ಯೂ ರಚಿಸಿ ಸಿವಿಲ್ ತೀರ್ಪು ಬರೆಯುವುದು, ದೋಷಾರೋಪ ರಚಿಸಿ ಕ್ರಿಮಿನಲ್ ತೀರ್ಪು ಬರೆಯುವುದು, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ. ಇದೇ ಕೆಲಸ ಆ ಚೇಂಬರ್‌ನಲ್ಲಿ ದಿನಾ ನಡೆಯುತ್ತೆ. ದಿನಕ್ಕೊಂದು ಮುಗಿದ ಫೈಲ್ ಕೇಳಿ ತಗೋ. ವಾದಪತ್ರ, ಪ್ರತಿವಾದ ಪತ್ರ ಮಾತ್ರ ಓದಿ ಇಶ್ಯೂ ಬರಿ. ಒಂದು ಪುಟ ಸಾಕ್ಷಿ ಹೇಳಿಕೆ ಅನುವಾದ ಮಾಡು. ಪಾಲಿನ ದಾವೆ ಸಿಕ್ಕರೆ ಬಿಡಬೇಡ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದ ಸುಪ್ರೀಂ ಕೋರ್ಟ್‌ನ ವಿನೀತಾ ಶರ್ಮ ತೀರ್ಪು ಬಂದ 2020ರಿಂದ ಹೆಣ್ಣುಮಕ್ಕಳ ಪಾಲಿನ ಕೇಸುಗಳಲ್ಲಿ ಮೊದಲು ನೋಡುವುದು ಒಂದೇ, ಪಾಲುಪಟ್ಟಿ ನೋಂದಣಿ ಆದದ್ದು 2004ರ ಡಿಸೆಂಬರ್ 20ಕ್ಕೆ ಮುಂಚೆಯಾ, ಆಮೇಲಾ ಅಂತ.

ಮಾಲೂರು ಸ್ಟೆನೋ

ಹಳೇ ಫೈಲ್ ಜೊತೆಗೆ, ಪ್ರತಿ ವಾಯಿದೆಯ ಕಲಾಪ ಬರೆದಿಡುವ ಆರ್ಡರ್ ಶೀಟನ್ನೂ ಮೊದಲಿಂದ ಕೊನೇವರೆಗೆ ಓದಿ. ಯಾರೂ ಓದಲ್ಲ. ಕೇಸ್ ಯಾಕೆ ಏಳು ವರ್ಷ ಎಳೆಯಿತು ಎಂದು ಅದರಲ್ಲೇ ಇರುತ್ತೆ. ಸಮನ್ಸ್ ಜಾರಿಯಾಗಿಲ್ಲ, ವಾರಸುದಾರರನ್ನು ಸೇರಿಸಿಲ್ಲ, ಕಮಿಷನರ್ ವರದಿ ಬಂದಿಲ್ಲ. ಕೋರ್ಟ್ ಕಚೇರಿ ನೋಡಿಕೊಳ್ಳುವ ಶಿರಸ್ತೇದಾರರ ಹತ್ತಿರ ಅರ್ಧ ಗಂಟೆ ವಿನಯವಾಗಿ ಕೂತರೆ ದಾವೆಯಲ್ಲಿ ಯಾವ್ಯಾವ ತಪ್ಪಿಗೆ ಆಕ್ಷೇಪಣೆ ಹಾಕುತ್ತಾರೆ ಎಂದು ಅವರೇ ಹೇಳಿಕೊಡುತ್ತಾರೆ.

ತಿಪಟೂರು ಕೊಬ್ಬರಿ

ವಾರಸುದಾರರನ್ನು ಸೇರಿಸುವುದರಲ್ಲೇ ನಮ್ಮದು ಎರಡು ವರ್ಷ ಹೋಯಿತು ಸರ್. ಸತ್ಯವಾದ ಮಾತು.

ಶಿಡ್ಲಘಟ್ಟದವನು

ಎಂಟು ವಾರದ ಮಾತಿಗೆ ನಾನೂ ಒಪ್ಪುತ್ತೇನೆ. ಅದಾದ ಮೇಲೆ ಹೈಕೋರ್ಟ್‌ಗಿಂತ ಮೊದಲು ಒಂದೆರಡು ವರ್ಷ ಊರಿನ ಕೋರ್ಟ್‌ನಲ್ಲಿ ಜೂನಿಯರ್ ಆಗಿ. 3 ವರ್ಷದ ಪ್ರಮಾಣಪತ್ರವನ್ನು ಆ ಕೋರ್ಟ್‌ನ ಪ್ರಧಾನ ನ್ಯಾಯಿಕ ಅಧಿಕಾರಿ ಕೊಡಬೇಕು. ಇಲ್ಲವೇ ಕನಿಷ್ಠ 10 ವರ್ಷ ಅನುಭವ ಇರುವ ವಕೀಲರು ಕೊಟ್ಟು ಅವರು ದೃಢೀಕರಿಸಬೇಕು. ನಿಜವಾಗಿ ಕೋರ್ಟ್‌ನಲ್ಲಿ ಕಂಡವರಿಗಷ್ಟೇ ಅದು ಸುಲಭ.

ಸಂಬಳದ ವಿಷಯ ನಾಚಿಕೆ ಬಿಟ್ಟು ಮಾತಾಡಿ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಎಂದು ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು, ಕಡ್ಡಾಯ ಅಲ್ಲ. ನನಗೆ ಮೊದಲ ವರ್ಷ ಬಸ್ ಚಾರ್ಜಿಗೂ ಸಾಲುತ್ತಿರಲಿಲ್ಲ. ನಿಮಗೆ ಹಾಗಾಗಬಾರದು.

ಗುಬ್ಬಿ ಹುಡುಗಿ

ಇವತ್ತು ಅನುಮತಿ ಅರ್ಜಿ ಕೊಟ್ಟು ಬಂದೆ. ಎಂಟು ವಾರ ಎಂದೇ ಬರೆದಿದ್ದೇನೆ.

ಅಪ್ಪನಿಗೆ ಅಜ್ಜಿಯ ಸಾಲು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಅತ್ತೆಗೂ ಹಿಂಗೇ ಆಗಿತ್ತು, ತಾಲ್ಲೂಕು ಕೋರ್ಟ್‌ನಲ್ಲಿ ಏನು ಬರೆದುಕೊಂಡರೋ ಅವಳಿಗೆ ಯಾರೂ ಓದಿ ಹೇಳಲೇ ಇಲ್ಲ ಎಂದರು. ಆಮೇಲೆ, "ಗುಬ್ಬಿಯಿಂದ ಬೆಳಗ್ಗೆ ಎಷ್ಟೊತ್ತಿಗೆ ಬಸ್ ಹಿಡೀಬೇಕು?" ಎಂದು ಕೇಳಿದರು.

ಸೀನಿಯರ್ ಸರ್, ಎಂಟು ವಾರ ಆದ ಮೇಲೆ ನಿಮ್ಮ ಆಫೀಸಿಗೆ ಬಂದು ಕೇಳಬಹುದಾ?

ಕೋರ್ಟ್ ರಸ್ತೆ ಸೀನಿಯರ್

ಬಾಮ್ಮ. ನೀನು ಬರೆದ ಇಶ್ಯೂಗಳ ನೋಟ್‌ಬುಕ್ ತಗೊಂಡು ಬಾ, ಅದನ್ನೇ ನೋಡುತ್ತೇನೆ. ಜೂನಿಯರ್‌ಗೆ ತಿಂಗಳಿಗೆ ಎಷ್ಟು ಕೊಡಬೇಕು ಎಂದು ನಾನೂ ಅಷ್ಟರೊಳಗೆ ಲೆಕ್ಕ ಹಾಕಿಟ್ಟಿರುತ್ತೇನೆ.